ಎರಡು ಚಮಚ ಬೆಲ್ಲದ ಪಾಕ

ಶುಂಠಿಯ ಸಿಪ್ಪೆ ಹೆರೆಯಬಾರದು ಎನ್ನುತ್ತಿದ್ದರು ಪಕ್ಕದ ಮನೆಯ ಮಾಸ್ತರರು. ಹುದುಗು ಎಬ್ಬಿಸುವ ಜೀವವೆಲ್ಲ ಸಿಪ್ಪೆಯಲ್ಲೇ ಇರುತ್ತದಂತೆ. ಸಂತೆಯಲ್ಲಿ ಶುಂಠಿಯ ತುಂಡು ಮುರಿದು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಲ್ಲುವರು. ಮಾರುವ ಹೆಂಗಸು, “ಮಾಸ್ತರ, ತಗೋತೀರೋ ಬರೇ ಮೂಸಿ ಹೋಗ್ತೀರೋ?” ಎಂದು ಕೇಳುವಳು. ಅವರು ಇನ್ನೊಂದು ತುಂಡು ಮುರಿಯುವರು. ರಸಾಯನಶಾಸ್ತ್ರದ ಮಾಸ್ತರರೊಬ್ಬರು ನಡುಸಂತೆಯಲ್ಲಿ ನಿಂತು ಶುಂಠಿ ಮೂಸುವುದೆಂದರೆ ಸುರಪುರದಂಥ ಊರಿಗೆ ಒಂದು ವಾರ ಆಡಿಕೊಳ್ಳಲು ಸಾಕು.

ಅವರ ಮೂಗೇ ಹಾಗಿತ್ತು. ಹೊಸ ಸೀಮೆಸುಣ್ಣದ ಡಬ್ಬಿ ಒಡೆದರೆ ಮೊದಲು ಮೂಸುವರು. ಹುಡುಗರ ಉತ್ತರಪತ್ರಿಕೆಯನ್ನು ಕೂಡ ಮೂಸಿಯೇ ಓದುವರು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಔಷಧಿ ಅಂಗಡಿ ಇದೆ. ಅಲ್ಲಿಗೆ ಬಂದರೆ ಮೆಟ್ಟಿಲ ಮೇಲೇ ನಿಂತು, “ಸಾವ್ಕಾರ, ಯಾವ್ದೋ ಬಾಟ್ಲಿ ಬೂಚು ಸಡ್ಲ ಆಗೇದ ನೋಡ್ರಿ” ಎನ್ನುವರು. ಹುಡುಕಿದರೆ ಯಾವುದೋ ಮೂಲೆಯಲ್ಲಿ ಟಿಂಚರಿನ ಬಾಟಲಿ ಸೋರುತ್ತಿರುತ್ತಿತ್ತು.

ಹೋದ ತಿಂಗಳು ತೀರಿಕೊಂಡರು. ಅವರು ಪಾಠ ಹೇಳಿದ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವನೆಂದು ನನಗೂ ನಾಲ್ಕು ಮಾತು ಆಡಲು ಹೇಳಿದರು. ಭಾಳ ಒಳ್ಳೆಯವರು ಎಂದಷ್ಟೇ ಹೇಳಿ ಕೂತುಬಿಟ್ಟೆ. ಡಾಕ್ಟರರ ಚೀಟಿ ಓದುವುದರಲ್ಲೇ ಆಯುಷ್ಯ ಕಳೆದವನು ನಾನು, ಬರೆಯುವುದು ನನ್ನ ಕಸುಬಲ್ಲ. ಆದರೆ ಆ ದಿನ ಹೇಳಬೇಕಾದ ಮಾತು ಬೇರೆಯೇ ಇತ್ತು. ಅದು ಒಂಬತ್ತು ವರ್ಷದಿಂದ ಹೊಟ್ಟೆಯಲ್ಲಿ ಕೂತು ಕೊಳೆಯುತ್ತಿದೆ.

ನಮ್ಮ ಸಲುಗೆ ಶುರುವಾದದ್ದು ಬಾಟಲಿ ಒಡೆದದ್ದರಿಂದ. ಒಂದು ಸೋಮವಾರ ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಪಕ್ಕದ ಮನೆಯಲ್ಲಿ ಢಬ್ ಎಂದಿತು. ಹಿಂದೆಯೇ ಮತ್ತೆ ಮೂರು ಸಲ. ನನ್ನ ಹೆಂಡತಿ ಗ್ಯಾಸಿನ ಸಿಲಿಂಡರೆಂದೇ ತಿಳಿದು ಬೀದಿಗೆ ಓಡಿದಳು. ನಾನು ಲಿಂಗವನ್ನು ಎದೆಗೆ ಅವಚಿಕೊಂಡು ಅವರ ಮನೆಗೆ ನುಗ್ಗಿದೆ. ಅಡುಗೆಮನೆಯ ತುಂಬ ನೊರೆ, ಗಾಜು, ಶುಂಠಿಯ ಘಾಟು. ನಡುವೆ ಮಾಸ್ತರರು ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದರು.

“ಸಿಹಿ ಉಳಿಸಾಕ ಹೋದ್ನಿ ಸಾವ್ಕಾರ,” ಎಂದರು. “ಉಳೀಲಿಲ್ಲ.”

“ಏನದು?”

“ಶುಂಠಿ ಬಿಯರ್ರಿ.”

“ಮಾಸ್ತರ, ನೀವು ಮಕ್ಕಳಿಗಿ ಪಾಠ ಹೇಳೋರು. ಅಬಕಾರಿಯವರು ಬಂದ್ರ ಏನ್ ಹೇಳ್ತೀರಿ?”

“ಕಷಾಯ ಅಂತ ನೀವ ಹೇಳ್ರಿ. ಔಷಧಿ ಅಂಗಡಿಯವ್ರು ಹೇಳಿದ್ರ ನಂಬ್ತಾರ.”

ಒಳಗಿನ ಕೋಣೆಯಲ್ಲಿ ಒಬ್ಬ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾಲ್ಕು ಬಾಟಲಿ ಒಡೆದರೂ ಹೊರಳಿರಲಿಲ್ಲ. ಅವರ ತಮ್ಮ ಸಾಬಣ್ಣ.

ಮಾಸ್ತರರು ಮದುವೆಯಾದವರಲ್ಲ. ಹುಟ್ಟೂರು ಮುದನಾಳದಲ್ಲಿ ಅವರಿಗಿದ್ದ ಸಂಸಾರವೆಂದರೆ ಈ ತಮ್ಮ, ಅವನ ಹೆಂಡತಿ, ಒಬ್ಬಳು ಮಗಳು. ಸಾಬಣ್ಣ ಯಾದಗಿರಿಯ ಬೇಳೆ ಮಿಲ್ಲೊಂದರಲ್ಲಿ ಚೀಲ ಹೊರುತ್ತಿದ್ದ. ಸಂಜೆಯಾದರೆ ಸೇಂದಿ ಬೇಕು. ನಮ್ಮ ಕಡೆ ಸೇಂದಿ ಬಂದ್ ಆಗಿ ಬಹಳ ವರ್ಷವಾಯಿತು, ಆದರೆ ಗುರುಮಠಕಲ್ ದಾಟಿ ರಾಜ್ಯದ ಗಡಿಯಾಚೆ ಹೋದರೆ ಸಿಗುತ್ತದೆ. ಸಿಗುವುದೆಲ್ಲ ಈಚಲು ಮರದಿಂದ ಇಳಿಸಿದ್ದೇ ಎಂದೇನಿಲ್ಲ. ನೀರಿಗೆ ಮತ್ತಿನ ಪುಡಿ ಕಲಸಿ ಸೇಂದಿ ಎಂದು ಮಾರುವವರು ಇದ್ದಾರೆ. ಆ ಪುಡಿಗೆ ಬಿದ್ದವನಿಗೆ ಒಂದು ದಿನ ತಪ್ಪಿದರೂ ಕೈಕಾಲು ನಡುಗುತ್ತವೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಸಾಬಣ್ಣನನ್ನು ಎರಡು ಸಲ ಕಲಬುರಗಿಯ ಆಸ್ಪತ್ರೆಯಲ್ಲಿಟ್ಟು ಪುಡಿ ಬಿಡಿಸಿದ್ದರು. ಎರಡು ಸಲವೂ ಊರಿಗೆ ಬಂದ ತಿಂಗಳೊಳಗೆ ಗಡಿಯ ಬಸ್ಸು ಹತ್ತಿದ್ದ. ಮೂರನೆಯ ಸಲ ಬಿಡಿಸಿಕೊಂಡು, ಮುದನಾಳ ಬೇಡವೆಂದು ಸುರಪುರಕ್ಕೆ ತಂದಿಟ್ಟುಕೊಂಡಿದ್ದರು.

ಇನ್ನು ಏನನ್ನೂ ಕುಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಮಾಸ್ತರರು ಕೇಳುವ ಜಾತಿಯವರಲ್ಲ. “ಬಾಯಿ ಬಿಟ್ಟೀತು ಸಾವ್ಕಾರ, ಕೈ ಬಿಡಂಗಿಲ್ಲ. ಸಂಜಿ ಆರಕ್ಕ ಅವನ ಕೈಗೆ ಒಂದು ಗ್ಲಾಸ್ ಬೇಕು. ಗ್ಲಾಸಿನ್ಯಾಗ ಏನಿರಬೇಕು ಅನ್ನೋದು ನಾ ನೋಡ್ಕೋತೇನಿ,” ಎಂದರು. ಶುಂಠಿ ಬಿಯರಿನಲ್ಲಿ ನಶೆ ಎಂದರೆ ಹೆಸರಿಗಷ್ಟೆ. ತಿಂಗಳು ತಿಂಗಳು ಅದನ್ನೂ ಇಳಿಸುತ್ತ ಹೋಗಿ ಕೊನೆಗೆ ಬರೀ ಶುಂಠಿ ನೀರಿಗೆ ತಂದು ನಿಲ್ಲಿಸುವುದು ಅವರ ಲೆಕ್ಕ. ಡಾಕ್ಟರು ಹೇಳಿದ್ದೇ ಸರಿಯಿತ್ತೇನೋ. ಇವತ್ತಿಗೂ ನನಗೆ ತಿಳಿಯದು.

ತೊಡಕಾದದ್ದು ಸಿಹಿಯಿಂದ. ಸಾಬಣ್ಣನಿಗೆ ಸಿಹಿ ಬೇಕು, ಸಿಹಿಯಿಲ್ಲದಿದ್ದರೆ ಗ್ಲಾಸು ಸರಿಸಿಬಿಡುತ್ತಾನೆ. ಆದರೆ ಹುದುಗು ಹಾಕಿದಷ್ಟು ಬೆಲ್ಲವನ್ನೂ ತಿಂದು ಮುಗಿಸುತ್ತದೆ. ಅದು ತಿಂದು ಮುಗಿಸುವ ಮೊದಲೇ ಬೂಚು ಜಡಿದರೆ ಸಿಹಿ ಉಳಿಯುತ್ತದೆ ಎಂದು ನೋಡಿದ್ದರು, ಅದೇ ಆ ಸೋಮವಾರದ ಢಬ್. ಬಾಟಲಿಗಳನ್ನು ಬಿಸಿನೀರಿನಲ್ಲಿ ಕೂಡಿಸಿ ಹುದುಗನ್ನು ಕೊಂದರು, ಒಡೆಯಲಿಲ್ಲ, ಆದರೆ ರುಚಿ ಹಿಂದಿನ ದಿನದ ಕಷಾಯದ ಹಾಗಾಯಿತು. ಹುದುಗು ತಿನ್ನಲಾರದ ಸಕ್ಕರೆ ಎಂದು ನನ್ನ ಅಂಗಡಿಯಿಂದ ಹಾಲಿನ ಸಕ್ಕರೆಯ ಪುಡಿ ಒಯ್ದರು. ಸಾಬಣ್ಣ ಎರಡು ದಿನ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಾಡಿದ.

“ಸ್ಯಾಕ್ರೀನ್ ಗುಳಿಗಿ ಹಾಕ್ರಿ ಮಾಸ್ತರ,” ಎಂದೆ ನಾನು. “ಶುಗರ್‌ನವ್ರಿಗಿ ದಿನಾ ಕೊಡ್ತೇನಿ. ಏನೂ ಆಗಂಗಿಲ್ಲ.” ಡಬ್ಬಿಯನ್ನು ದುಡ್ಡಿನ ಗಲ್ಲೆಯ ಮೇಲಿಟ್ಟೆ.

ಅವರು ಡಬ್ಬಿಯನ್ನು ಒಂದು ಬೆರಳಿಂದ ನನ್ನ ಕಡೆಗೆ ತಳ್ಳಿದರು. “ಅದು ಬ್ಯಾಡ್ರಿ,” ಎಂದು ಎದ್ದು ಹೋದರು. ಓದಿದವರ ಸೊಕ್ಕು ಎಂದುಕೊಂಡೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಡೆಗೆ ಹಿಡಿದ ದಾರಿ ಸಾದಾ ಇತ್ತು. ಹುದುಗು ಬೆಲ್ಲವನ್ನೆಲ್ಲ ತಿಂದು ಸುಮ್ಮನಾಗಲಿ ಎಂದು ಬಿಟ್ಟು, ಕುಡಿಯುವ ಹೊತ್ತಿಗೆ ಗ್ಲಾಸಿನ ತಳಕ್ಕೆ ಬೆಲ್ಲದ ಪಾಕ ಹಾಕಿ, ಮೇಲೆ ಬಿಯರನ್ನು ಮೆಲ್ಲಗೆ ಸುರಿಯುವುದು. ಸಿಹಿಯನ್ನೂ ಮೆಲ್ಲಮೆಲ್ಲಗೆ ಇಳಿಸಬೇಕೆಂದು ಐದು ಚಮಚ ಪಾಕದಿಂದ ಶುರು ಮಾಡಿದರು.

ರುಚಿ ನೋಡಲು ಮಾತ್ರ ನಾನೇ ಆಗಬೇಕೆಂದು ಹಟ ಹಿಡಿದರು. ನಾನು ಲಿಂಗ ಕಟ್ಟಿದವನು, ಹುಟ್ಟಿದಾಗಿಂದ ಒಂದು ಹನಿ ಮುಟ್ಟಿದವನಲ್ಲ ಎಂದೆ. “ಅದಕ್ಕ ನೀವು ಬೇಕು. ಕುಡಿಯೋರ್ನ ಕೇಳಿದ್ರ ಎಲ್ಲಾ ಚಲೋ ಅದ ಅಂತಾರ. ನೀವು ಇದ್ದದ್ದು ಇದ್ದಂಗ ಹೇಳ್ತೀರಿ,” ಎಂದರು. ಇದ್ದದ್ದು ಇದ್ದಂಗ ಹೇಳುವವನು ಎಂದರೆ ಯಾರು ಉಬ್ಬುವುದಿಲ್ಲ? ಗಂಟಲು ದಾಟದಿದ್ದರೆ ದೋಷವಿಲ್ಲವೆಂದು ನಾನೇ ಒಂದು ಶಾಸ್ತ್ರ ಹುಟ್ಟಿಸಿಕೊಂಡೆ. ಒಂದು ಗುಟುಕು ಬಾಯಲ್ಲಿ ಆಡಿಸಿ, ಚರಂಡಿಗೆ ಉಗಿದು, ತೀರ್ಪು ಕೊಡುವುದು. ಹೆಂಡತಿ, “ಉಗುಳೋದಾದ್ರ ಅವರ ಅಂಗಳದಾಗ ಉಗುಳಿ ಬರ್ರಿ, ನಮ್ಮ ತುಳಸಿ ಕಡಿ ಬರಬ್ಯಾಡ್ರಿ” ಎಂದಳು.

ಉಗಿದು ಉಗಿದು ನಾನೂ ಪಂಡಿತನಾದೆ. ಕೊಳೆತ ತತ್ತಿಯ ವಾಸನೆ ಬಂದರೆ ಹುದುಗಿಗೆ ಆಹಾರ ಸಾಲದು. ಹುಳಿ ಮೂಗಿಗೆ ಹೊಡೆದರೆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿ ನೊಣ ಹೊಕ್ಕಿದೆ. ನಮ್ಮ ಬೇಸಿಗೆಯಲ್ಲಿ ಭರಣಿಗೆ ತಂಪು ಸಿಗದಿದ್ದರೆ ಹೆಂಗಸರ ಉಗುರುಬಣ್ಣದ ವಾಸನೆ. ಬಹಳ ದಿನ ಗಾಳಿ ತಾಗಿದ್ದರೆ ಹಳೆಯ ಟ್ರಂಕು ತೆರೆದ ಹಾಗೆ. ಇದನ್ನೆಲ್ಲ ಅವರು ಕಾಲೇಜಿನ ಹಳೆಯ ಪ್ರಯೋಗಪುಸ್ತಕವೊಂದರಲ್ಲಿ ಬರೆಯುತ್ತಿದ್ದರು. ಪುಟಕ್ಕೆ ನಾಲ್ಕು ಸಾಲು: ರುಚಿ, ವಾಸನೆ, ಕಾರಣ, ಸಾವ್ಕಾರರ ಮಾತು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವರು. ‘ಎಮ್ಮಿ ತೊಳದ ನೀರು’ ಎಂದು ನಾನೊಮ್ಮೆ ಉಗಿದದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಕಾರಣದ ಸಾಲನ್ನು ಮಾತ್ರ ಎಂದೂ ಖಾಲಿ ಬಿಟ್ಟವರಲ್ಲ. ತಪ್ಪಾದರೂ ಪರವಾಗಿಲ್ಲ, ಕಾರಣ ಬರೆಯದೆ ಪುಟ ಮುಗಿಸಬಾರದು ಎಂದು ಹುಡುಗರಿಗೂ ಹೇಳುತ್ತಿದ್ದರಂತೆ.

ಎಂಟು ತಿಂಗಳು ನಡೆಯಿತು. ಸಾಬಣ್ಣನ ಮೈಗೆ ಮಾಂಸ ಬಂತು. ನಳದ ನೀರು ತುಂಬಿಡುವನು, ಅಣ್ಣನ ಬುತ್ತಿಯನ್ನು ಕಾಲೇಜಿಗೆ ಒಯ್ದು ಕೊಡುವನು. ಭಾನುವಾರ ಮುದನಾಳದಿಂದ ಹೆಂಡತಿ ಮಗಳು ಬಂದರೆ, ಮಗಳ ಜಡೆ ಬಿಚ್ಚಿ ತಾನೇ ಹೆಣೆಯುವನು. ತೊಗರಿ ರಾಶಿಯ ಕಾಲಕ್ಕೆ ಯಾದಗಿರಿ ಹತ್ತಿರದ ರಾಮಸಮುದ್ರಕ್ಕೆ ಕೆಲಸಕ್ಕೆ ಹೋದವನು ಕತ್ತಲಾಗುವ ಮೊದಲೇ ಸೀದಾ ಮನೆಗೆ ಬಂದ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಗುರುಮಠಕಲ್ಲಿನ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ ಬಂದ. ಆ ದಿನ ಮಾಸ್ತರರು ಅನ್ನ ಮೂಸದೆ ಉಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಪಾಕ ಎರಡು ಚಮಚಕ್ಕೆ ಇಳಿದಿತ್ತು.

ಆಗ ಅವರಿಗೆ ಕಲಬುರಗಿಯಲ್ಲಿ ಹತ್ತು ದಿನ ಪರೀಕ್ಷೆಯ ಮೌಲ್ಯಮಾಪನ ಬಂತು. ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಹೋಗುವ ಬೆಳಿಗ್ಗೆ ನನ್ನನ್ನು ಕರೆದು ಬಾಟಲಿಗಳನ್ನು ತೋರಿಸಿದರು.

“ಆರಕ್ಕ ಒಂದು ಬಾಟ್ಲಿ. ತಳಕ್ಕ ಎರಡು ಚಮಚ ಪಾಕ. ಮೂರು ಮಾಡಬ್ಯಾಡ್ರಿ. ಅಂವ ಜಗ್ಗಿ ಕೇಳ್ತಾನ. ಕೇಳ್ಲಿ. ಬೆಲ್ಲ ಹೆಚ್ಚು ಮಾಡಬ್ಯಾಡ್ರಿ.”

“ಮಾಡಂಗಿಲ್ಲ ಹೋಗ್ರಿ. ನನ್ನ ಮ್ಯಾಲೆ ಬಿಡ್ರಿ,” ಎಂದೆ.

ಮೂರು ದಿನ ಸುಮ್ಮನೆ ಕುಡಿದ. ನಾಲ್ಕನೆಯ ದಿನದ ಬಾಟಲಿ ಸ್ವಲ್ಪ ಕೆಟ್ಟಿತ್ತು, ಹಳೆಯ ಟ್ರಂಕಿನ ವಾಸನೆ. ಸಾಬಣ್ಣ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ. “ಸಪ್ಪಗ ಅದರಿ ಸಾವ್ಕಾರ. ಒಂದೀಟು ಸಿಹಿ ಮಾಡ್ರಿ,” ಎಂದ. ಆಗುವುದಿಲ್ಲ ಎಂದೆ. ಅವನು ಜಗ್ಗಿ ಕೇಳಲಿಲ್ಲ, ಜಗಳವಾಡಲಿಲ್ಲ. ಎದ್ದು ಹೋಗಿ ಹೊಸ್ತಿಲಲ್ಲಿ ನಿಂತು ಬಸ್‌ಸ್ಟ್ಯಾಂಡಿನ ಕಡೆ ನೋಡತೊಡಗಿದ. ನನ್ನ ಕೈಯಲ್ಲಿ ಬಿಟ್ಟುಹೋದ ನಾಲ್ಕೇ ದಿನಕ್ಕೆ ಇವನು ಬಸ್ಸು ಹತ್ತಿದರೆ ಮಾಸ್ತರರಿಗೆ ಏನು ಹೇಳಲಿ?

ಬೆಲ್ಲ ಹೆಚ್ಚು ಮಾಡಬೇಡಿ ಎಂದಿದ್ದರು. ಗುಳಿಗೆ ಬೆಲ್ಲವಲ್ಲವಲ್ಲ. ಕೊಟ್ಟ ಮಾತೂ ಮುರಿಯುವುದಿಲ್ಲ, ಅವನೂ ಉಳಿಯುತ್ತಾನೆ. ನಾನು ಜಾಣ. ಅಂಗಡಿಗೆ ಹೋಗಿ ಡಬ್ಬಿ ತಂದು, ಎರಡು ಸ್ಯಾಕ್ರೀನ್ ಗುಳಿಗೆ ಅರೆದು ಗ್ಲಾಸಿಗೆ ಹಾಕಿ ಕರೆದೆ.

ಅವನು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ಆಮೇಲೆ ಮೆಲ್ಲಗೆ, “ಇದು ನೋಡ್ರಿ,” ಎಂದ. ಎಂಟು ತಿಂಗಳಲ್ಲಿ ಅಂಥ ನಗೆಯನ್ನು ಅವನ ಮುಖದಲ್ಲಿ ನಾನು ನೋಡಿರಲಿಲ್ಲ. ಏನು ಹಾಕಿದಿರಿ ಎಂದು ಕೇಳಿದ. ಅಂಗಡಿಯ ಗುಟ್ಟು ಎಂದೆ. ಅಣ್ಣನಿಗಾಗದ್ದು ನನಗಾಯಿತು ಎಂದು ಒಳಗೊಳಗೇ ಹಿಗ್ಗಿದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಹಿಗ್ಗಿದ್ದು ಖರೆ.

ಇನ್ನೂ ಎರಡು ಸಂಜೆ ಹಾಗೇ ಕೊಟ್ಟೆ. ಆರು ಹೊಡೆಯುವ ಮೊದಲೇ ಬಂದು ಗ್ಲಾಸು ಹಿಡಿದು ಕೂಡುತ್ತಿದ್ದ. ಕುಡಿದ ಮೇಲೆ ಕೂಡಲಾರ, ಅಂಗಳದಲ್ಲಿ ಹಿಂದೆ ಮುಂದೆ ತಿರುಗುವನು. ಹುರುಪು ಎಂದುಕೊಂಡೆ. ಏಳನೆಯ ದಿನ ಬೆಳಿಗ್ಗೆ ಮನೆಯಲ್ಲಿ ಇರಲಿಲ್ಲ. ಮೊದಲ ಬಸ್ಸಿಗೆ ಯಾದಗಿರಿಯ ಕಡೆ ಹೋದನೆಂದು ಚಹಾದಂಗಡಿಯವನು ಹೇಳಿದ.

ಮಾಸ್ತರರಿಗೆ ಫೋನು ಮಾಡಿದೆ. ಅವರು ಕಲಬುರಗಿಯಿಂದ ನೇರವಾಗಿ ಗಡಿಯ ಕಡೆ ಹೋಗಿ ಊರೂರು ಹುಡುಕಿದರು. ಮೂರನೆಯ ದಿನ ಸಿಕ್ಕ. ಸೇಂದಿಯಂಗಡಿಯೊಂದರ ಹಿಂದೆ, ಬೇವಿನ ಗಿಡದ ಕೆಳಗೆ, ಜೀವವಿರಲಿಲ್ಲ. ಪುಡಿ ಬಿಟ್ಟು ಎಂಟು ತಿಂಗಳಾಗಿದ್ದ ಮೈ ಹಳೆಯ ಅಳತೆಯನ್ನು ತಡೆಯಲಿಲ್ಲ ಎಂದು ಡಾಕ್ಟರು ಹೇಳಿದರು. ಮುದನಾಳದಲ್ಲಿ ಮಣ್ಣು ಮಾಡಿದೆವು. ಹನ್ನೆರಡು ವರ್ಷದ ಮಗಳು ದೊಡ್ಡಪ್ಪನ ಬೆರಳು ಹಿಡಿದು ನಿಂತಿದ್ದಳು. ಅವಳ ಜಡೆಯನ್ನು ಆ ದಿನ ಯಾರೂ ಹೆಣೆದಿರಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ಮಾಸ್ತರರು ಮರುದಿನ ಸುರಪುರಕ್ಕೆ ಬಂದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನನ್ನನ್ನು ಕರೆದರು. ಹೋದೆ. ಸಾಬಣ್ಣ ಕಡೆಯ ಸಂಜೆ ಕುಡಿದ ಗ್ಲಾಸು ಅವರ ಕೈಯಲ್ಲಿತ್ತು. ಅದನ್ನು ತೊಳೆಯಬೇಕೆಂಬುದೂ ನನಗೆ ಹೊಳೆದಿರಲಿಲ್ಲ. ಬೆರಳು ಒದ್ದೆ ಮಾಡಿ, ತಳದಲ್ಲಿ ಒಣಗಿದ್ದನ್ನು ಉಜ್ಜಿ, ನಾಲಿಗೆಗೆ ಹಚ್ಚಿಕೊಂಡರು. ಮತ್ತೊಮ್ಮೆ ಹಚ್ಚಿಕೊಂಡರು.

“ಸಾವ್ಕಾರ, ಇದರಾಗ ಸ್ಯಾಕ್ರೀನ್ ಹಾಕಿದ್ರೇನು?”

ಸಿಟ್ಟಿರಲಿಲ್ಲ. ಬಾಟಲಿಯ ಬೂಚು ಸಡಿಲವಾಗಿದೆ ಎಂದು ಹೇಳುವ ದನಿಯೇ. ಆದರೂ ನನಗೆ ಹೆದರಿಕೆಯಾಯಿತು. ಏನೋ ಆಗಬಾರದ್ದು ನನ್ನ ಕೈಯಿಂದ ಆಗಿದೆ ಎಂದು ಮಾತ್ರ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

“ಇಲ್ಲ,” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗ್ಲಾಸು ಕೆಳಗಿಟ್ಟು ಕೂತರು.

“ಪುಡಿ ಸೇಂದಿಗಿ ತನ್ನದಂತ ರುಚಿ ಇರಂಗಿಲ್ರಿ,” ಎಂದರು. “ಪುಡಿ ಕಹಿ. ಅದನ್ನ ಮುಚ್ಚಾಕ ಸ್ಯಾಕ್ರೀನ್ ಸುರೀತಾರ. ಅವನ ನಾಲಿಗಿಗಿ ಸಂಜಿ ಅಂದ್ರ ಇದೇ ರುಚಿ. ಇದು ಮರೀಲಿ ಅಂತ ನಾ ಬೆಲ್ಲ ಹಿಡ್ಕೊಂಡು ಕುಂತಿದ್ನಿ.” ಗ್ಲಾಸನ್ನು ಪಕ್ಕಕ್ಕೆ ಸರಿಸಿ, “ನಿಮಗ ಮೊದ್ಲ ಹೇಳಬೇಕಿತ್ತು. ತಮ್ಮ ಎಂಥಾದ್ದು ಕುಡೀತಿದ್ದ ಅಂತ ಬಿಡಿಸಿ ಹೇಳಾಕ ನಾಚಿಕಿ ಆತು. ತಪ್ಪು ನಂದು,” ಎಂದರು.

ಪುಡಿಯ ವಿಷಯ ನನಗೆ ಗೊತ್ತಿತ್ತು. ಔಷಧಿ ಮಾರುವವನಿಗೆ ಗೊತ್ತಿಲ್ಲದೆ ಇರುತ್ತದೆಯೆ? ಅದರ ರುಚಿ ಗೊತ್ತಿರಲಿಲ್ಲ. ಒಂದು ಹನಿ ಗಂಟಲಿಗಿಳಿಸದ ನನ್ನ ಮಡಿಗೆ ಅದು ಗೊತ್ತಾಗುವುದಾದರೂ ಹೇಗೆ? ಇಡೀ ಊರಿನ ಕುಡುಕರಲ್ಲಿ ಯಾರ ಕೈಗೆ ಆ ಗ್ಲಾಸು ಕೊಟ್ಟಿದ್ದರೂ ಅವರು ಸ್ಯಾಕ್ರೀನ್ ಹಾಕುತ್ತಿರಲಿಲ್ಲ. ತಪ್ಪು ನಂದು ಎಂದು ಅವರು ಹೇಳಿದಾಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎದ್ದು ಮನೆಗೆ ಬಂದು, ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕೂತೆ. ಮಂತ್ರ ಅರ್ಧಕ್ಕೇ ನಿಂತಿತು.

ಅದಾದ ಮೇಲೆ ಒಂಬತ್ತು ವರ್ಷ ಬದುಕಿದರು. ನಿವೃತ್ತರಾದರು, ಊರು ಬಿಡಲಿಲ್ಲ. ದಿನಾ ಸಂಜೆ ಆರಕ್ಕೆ ನನ್ನ ಅಂಗಡಿಗೇ ಬಂದು ಕೂಡುತ್ತಿದ್ದರು. ಮಳೆ, ತೊಗರಿಯ ಬೆಲೆ, ಶಹಾಪುರದ ರಸ್ತೆಯ ಗುಂಡಿ, ಎಲ್ಲ ಮಾತಾಡುವರು. ಶುಂಠಿಯ ಮಾತಿಲ್ಲ, ಸಾಬಣ್ಣನ ಮಾತಿಲ್ಲ. ಏನನ್ನೂ ರುಚಿ ನೋಡಿ ಎಂದು ನನಗೆ ಮತ್ತೆ ಹೇಳಲಿಲ್ಲ. ಮೂಸುವುದನ್ನೂ ಬಿಟ್ಟರು. ಒಮ್ಮೆ ಅಂಗಡಿಯಲ್ಲಿ ಸ್ಪಿರಿಟ್ಟಿನ ಬಾಟಲಿ ಸೋರಿ ನನ್ನ ತಲೆಯೇ ಸುತ್ತುತ್ತಿತ್ತು, ಅವರು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ಪ್ರತಿ ಸಂಜೆ ಅಂದುಕೊಂಡೆ. ಅವರು ಎದ್ದು, ಬರ್ತೇನ್ರಿ ಎಂದು ಹೋಗುವರು. ಹಾಗೆ ಎಷ್ಟು ಸಂಜೆ ಹೋದವೋ.

ಮೊನ್ನೆ ಸಾಬಣ್ಣನ ಮಗಳು ಅಂಗಡಿಗೆ ಬಂದಿದ್ದಳು. ದೊಡ್ಡಪ್ಪನೇ ಓದಿಸಿದ್ದು. ಈಗ ಯಾದಗಿರಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಅವರ ಬಾಡಿಗೆ ಮನೆ ಖಾಲಿ ಮಾಡುವಾಗ ಆ ಪ್ರಯೋಗಪುಸ್ತಕ ಸಿಕ್ಕಿತಂತೆ. ಗಲ್ಲೆಯ ಮೇಲೆ ಬಿಚ್ಚಿಟ್ಟು ಪುಟ ತಿರುವಿದಳು. “ಎಲ್ಲಾ ಕಡಿ ನಿಮ್ಮ ಮಾತಽ ಅದರಿ ಕಾಕಾ,” ಎಂದು ನಕ್ಕಳು. ಎಮ್ಮೆ ತೊಳೆದ ನೀರಿನ ಪುಟ ಬಂದಾಗ ಗಟ್ಟಿಯಾಗಿ ಓದಿದಳು, ಔಷಧಿಗೆ ನಿಂತ ಗಿರಾಕಿಗಳೂ ನಕ್ಕರು.

ಬರೆದ ಕಡೆಯ ಪುಟಕ್ಕೆ ಬಂದು ನಿಂತಳು. “ಇದು ಅಪ್ಪನ ಮೂರು ದಿವಸದ ಮರುದಿನ ಬರದದ್ದು ನೋಡ್ರಿ,” ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

ಅದೇ ದುಂಡಗಿನ ಅಕ್ಷರ. ರುಚಿ: ಸಿಹಿ, ಹಿಂದೆ ಕಹಿ. ವಾಸನೆ: ಇಲ್ಲ. ಸಾವ್ಕಾರರ ಮಾತು: ಇಲ್ಲ ಅಂದರು.

ನಡುವೆ ಕಾರಣದ ಸಾಲಿನ ಮುಂದೆ ಏನೂ ಬರೆದಿರಲಿಲ್ಲ.

“ದೊಡ್ಡಪ್ಪ ಯಾವತ್ತೂ ಕಾರಣ ಬರೀದ ಬಿಟ್ಟವರಲ್ಲ. ಇಲ್ಲೊಂದ ಕಡಿ ಖಾಲಿ ಬಿಟ್ಟಾರ,” ಎಂದಳು. ತಲೆಯೆತ್ತಿ ನನ್ನನ್ನು ನೋಡಿದಳು. “ನಿಮಗೇನರೆ ಗೊತ್ತದೇನ್ರಿ ಕಾಕಾ?”

“ಇಲ್ಲವ್ವ,” ಎಂದೆ.